ಮರಳು ಹಿಡಿಯುವ ಬಳ್ಳಿ

ಮೇ ತಿಂಗಳ ಮೊದಲ ವಾರ ಮುಂಬಯಿಯಿಂದ ಭಾವನ ಫೋನು ಬಂತು. "ಹದಿನೆಂಟಕ್ಕೆ ಊರಿಗೆ ಬರ್ತಾ ಇದ್ದೇವೆ. ನಾಗಬನದ ಜೀರ್ಣೋದ್ಧಾರದ ವಿಷಯದಲ್ಲಿ ಕುಟುಂಬದವರೆಲ್ಲ ಸೇರಿ ಒಂದು ತೀರ್ಮಾನ ಮಾಡ್ಲಿಕ್ಕುಂಟು. ನೀವೂ ಬನ್ನಿ ಭಾವ. ಗಿಡಮರದ ಬಗ್ಗೆ ಪೇಪರಿನಲ್ಲಿ ಬರೆಯುವವರಲ್ವಾ, ಯಾವ ಮರ ಇಡಬೇಕು, ಯಾವುದು ತೆಗೀಬೇಕು ಅಂತ ನಿಮ್ಮನ್ನೇ ಕೇಳುವ ಅಂತ ಮಾಡಿದ್ದೇವೆ" ಎಂದರು. ಅಂಕಣ ಬರೆಯುವವನಿಗೆ ಇಂಥ ಗೌರವ ಸಿಗುವುದು ಅಪರೂಪ. ಒಪ್ಪಿಕೊಂಡೆ. ಒಪ್ಪಿಕೊಂಡ ಮೇಲೆ ಹೆದರಿಕೆಯಾಯಿತು. ಕುಟುಂಬದ ನಾಗನ ವಿಷಯದಲ್ಲಿ ಬಾಯಿ ಹಾಕಿದರೆ ಮುಂದೆ ಯಾರಿಗೆ ನೆಗಡಿಯಾದರೂ ಅದು ನನ್ನ ತಲೆಗೇ ಬರುತ್ತದೆ!

ನನ್ನ ಹೆಂಡತಿಯ ತವರುಮನೆ ಕಾಪುವಿನ ಪಡುದಿಕ್ಕಿನಲ್ಲಿ, ಕಡಲಿಗೆ ಕೂಗಳತೆಯ ದೂರದಲ್ಲಿದೆ. ಮನೆ, ಮನೆಯ ಹಿಂದೆ ಬಾವಿ, ಬಾವಿಯಿಂದ ಪಡುವಕ್ಕೆ ಹತ್ತಿಪ್ಪತ್ತು ತೆಂಗು, ಅದರಾಚೆ ಹದಿನೈದು ಸೆಂಟ್ಸಿನಷ್ಟು ಬನ, ಬನದಾಚೆ ಮರಳ ದಿಬ್ಬ, ದಿಬ್ಬದಾಚೆ ಕಡಲು. ಸಭೆ ಇದ್ದದ್ದು ಹತ್ತು ಗಂಟೆಗೆ. ನಾನು ಮೊದಲ ಬಸ್ಸಿಗೇ ಬಂದಿಳಿದು, ಮನೆಗೆ ಹೋಗದೆ ಸೀದಾ ಕಡಲಕರೆಗೆ ನಡೆದೆ. ಬನದ ಬಗ್ಗೆ ಅಭಿಪ್ರಾಯ ಹೇಳಬೇಕಾದರೆ ಅದನ್ನು ಮನೆಯ ಕಡೆಯಿಂದ ನೋಡಿದರೆ ಸಾಲದು, ಕಡಲ ಕಡೆಯಿಂದ ನೋಡಬೇಕು ಎಂಬುದು ನನ್ನ ಲೆಕ್ಕ.

ಕಾಪು ಎಂದೊಡನೆ ಎಲ್ಲರಿಗೂ ನೆನಪಾಗುವುದು ಬಂಡೆಯ ಮೇಲೆ ನಿಂತ ದೀಪಸ್ತಂಭ. 1901ರಿಂದ ಅದು ಅಲ್ಲೇ ನಿಂತಿದೆ. ಬಂದವರು ಅದರ ಫೋಟೋ ತೆಗೆದು, ಚುರುಮುರಿ ತಿಂದು ಹೋಗುತ್ತಾರೆ. ಅಲ್ಲಿಂದ ಒಂದು ಮೈಲಿ ತೆಂಕಕ್ಕೋ ಬಡಗಕ್ಕೋ ನಡೆದು, ಕಡಲಿಗೆ ಬೆನ್ನು ಹಾಕಿ ನಿಂತು ನೋಡುವವರು ಕಡಿಮೆ. ಹಾಗೆ ನಿಂತರೆ ಒಂದು ಸಾಲು ಕಾಣಿಸುತ್ತದೆ. ತೆರೆ ತಲುಪುವ ಗೆರೆಯಿಂದ ತೆಂಗಿನ ತೋಟದವರೆಗೆ ಇನ್ನೂರು ಹೆಜ್ಜೆಯೂ ಇರಲಿಕ್ಕಿಲ್ಲ. ಅಷ್ಟರೊಳಗೆ ಗಿಡಗಳು ಪ್ರಾರ್ಥನೆಗೆ ನಿಂತ ಶಾಲೆಯ ಮಕ್ಕಳ ಹಾಗೆ, ಗಿಡ್ಡನವರು ಮುಂದೆ, ಎತ್ತರದವರು ಹಿಂದೆ.

ಎಲ್ಲಕ್ಕಿಂತ ಮುಂದೆ ನಿಲ್ಲುವುದು ಅಡಂಬು ಬಳ್ಳಿ. ಬಂಗಡ ಬಳ್ಳಿ ಎಂದೂ ಹೇಳುತ್ತಾರೆ. ತಿಳಿನೇರಳೆ ಬಣ್ಣದ ಗಾಲಿಯಂಥ ಹೂವು; ಆಡಿನ ಗೊರಸಿನ ಹಾಗೆ ನಡುವೆ ಸೀಳಿದ ದಪ್ಪ ಎಲೆ. ವಿಜ್ಞಾನಿಗಳು ಇಟ್ಟ 'ಪೆಸ್ ಕೇಪ್ರೆ' ಎಂಬ ಹೆಸರಿಗೂ ಆಡಿನ ಕಾಲು ಎಂದೇ ಅರ್ಥ. ನೀವು ಇದನ್ನು ತುಳಿದುಕೊಂಡೇ ಕಡಲಿಗೆ ಇಳಿದಿರುತ್ತೀರಿ. ನಾನೂ ಹಾಗೆಯೇ. ಚಿಕ್ಕಂದಿನಲ್ಲಿ ಇದರ ಹಂಬನ್ನು ಕಿತ್ತು ಹಗ್ಗ ಮಾಡಿ ಎಳೆದಾಟ ಆಡಿದ್ದುಂಟು. ಒಂದೊಂದು ಹಂಬು ಹತ್ತಾರು ಮೀಟರು ಉದ್ದ ಹರಿದು, ಗೆಣ್ಣುಗೆಣ್ಣಿಗೂ ಮರಳಿಗೆ ಬೇರು ಇಳಿಸುತ್ತದೆ. ಮರಳು ಬಿದ್ದು ಮುಚ್ಚಿದರೆ ಬೇರೆ ಗಿಡಗಳು ಸಾಯುತ್ತವೆ. ಇದು ಮರಳಿನ ಮೇಲೆ ಮತ್ತೆ ತಲೆಯೆತ್ತಿ ಮುಂದೆ ಹೋಗುತ್ತದೆ. ಮಧ್ಯಾಹ್ನ ಬರಿಗಾಲಿಡಲಾಗದಷ್ಟು ಕಾದ ಮರಳು, ಮೈಮೇಲೆ ಉಪ್ಪುನೀರಿನ ಸಿಂಚನ, ಮಳೆ ಬಿದ್ದರೆ ನಿಲ್ಲದೆ ಸೋರಿಹೋಗುವ ನೆಲ — ಇಂಥಲ್ಲಿ ಬದುಕುತ್ತೇನೆ ಎನ್ನುವ ಗಿಡಗಳು ಎಷ್ಟು ಸಿಕ್ಕಾವು? ಇದರ ಬೀಜ ಉಪ್ಪುನೀರಿನಲ್ಲಿ ತೇಲಿ ದೂರದ ದಡ ಸೇರಿ ಅಲ್ಲೂ ಹುಟ್ಟುತ್ತದೆ. ಆದ್ದರಿಂದಲೇ ಆಫ್ರಿಕದ ದಡದಲ್ಲಿ, ಬ್ರೆಜಿಲಿನಲ್ಲಿ, ಆಸ್ಟ್ರೇಲಿಯದಲ್ಲಿ ಎಲ್ಲೆಡೆ ಇದೇ ಬಳ್ಳಿ. ಥಾಯ್ಲೆಂಡಿನ ಕಡಲಿಗರು ಲೋಳೆಮೀನು ತಾಗಿ ಮೈ ಉರಿದರೆ ಇದರ ಎಲೆ ಅರೆದು ಹಚ್ಚುತ್ತಾರೆ.

ಅಡಂಬಿನ ಜತೆಗೇ, ಕೆಲವೆಡೆ ತುಸು ಹಿಂದೆ, ರಾವಣನ ಮೀಸೆ. ಹೆಸರಿಟ್ಟವನು ರಸಿಕನೇ ಇರಬೇಕು. ಮುಟ್ಟಿದರೆ ಚುಚ್ಚುವ ಬಿರುಸಾದ ಹುಲ್ಲು. ಇದರಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಹೆಣ್ಣು ಗಿಡದ ತೆನೆ ಮಕ್ಕಳ ಚೆಂಡಿನಷ್ಟು ದೊಡ್ಡ ಮುಳ್ಳಿನ ಉಂಡೆ. ಬಲಿತ ಮೇಲೆ ಅದು ಕಳಚಿ, ಗಾಳಿಗೆ ಮರಳ ಮೇಲೆ ಉರುಳುತ್ತ, ಅಲ್ಲಲ್ಲಿ ಬೀಜ ಉದುರಿಸುತ್ತ ಓಡುತ್ತದೆ. ನಾವು ಹುಡುಗರು ಒಬ್ಬೊಬ್ಬರು ಒಂದೊಂದು ಉಂಡೆ ಹಿಡಿದು, ಗೆರೆ ಎಳೆದು ಬಿಟ್ಟು, ಯಾರದ್ದು ಮೊದಲು ಮುಟ್ಟುತ್ತದೆ ಎಂದು ಪಂದ್ಯ ಕಟ್ಟುತ್ತಿದ್ದೆವು. ಗೆದ್ದವನಿಗೆ ಒಂದು ಪೆಪ್ಪರಮಿಂಟು. ಬೀಜ ಬಿತ್ತುವ ಕೆಲಸಕ್ಕೆ ನಾವು ಕೂಲಿಯಾಳುಗಳಾಗಿದ್ದೆವು ಎಂದು ತಿಳಿದದ್ದು ಮೀಸೆ ಬಂದ ಮೇಲೆ.

ಇವೆರಡರ ನಡುವೆ ಕಾಡು ಅವರೆಯ ಜಾತಿಯ ಬಳ್ಳಿಗಳೂ ಇರುತ್ತವೆ. ಸಸ್ಯಶಾಸ್ತ್ರದ ಹೆಸರು ಕೆನವೇಲಿಯ. ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದ ಜೀವವಿಜ್ಞಾನಿಗಳು ನಮ್ಮ ಮರಳ ದಿಬ್ಬಗಳ ಈ ಅವರೆಯನ್ನು ವರ್ಷಾನುಗಟ್ಟಲೆ ಅಭ್ಯಾಸ ಮಾಡಿದ್ದಾರೆ. ಬೀಜದಲ್ಲಿ ಪ್ರೋಟೀನು ಹೇರಳ, ಜತೆಗೆ ಹಸಿಯಾಗಿ ತಿಂದರೆ ತೊಂದರೆ ಕೊಡುವ ಅಂಶಗಳೂ ಉಂಟು. ನನಗೆ ಬೆರಗು ತಂದದ್ದು ಬೇರಿನ ಸಂಗತಿ. ಈ ಗಿಡಗಳ ಬೇರಿಗೆ ಬೂಷ್ಟಿನ ಎಳೆಗಳು ಅಂಟಿಕೊಂಡಿದ್ದು, ಮರಳಿನ ಕಣಕಣವನ್ನೂ ದಾರದಲ್ಲಿ ಪೋಣಿಸಿದ ಹಾಗೆ ಹಿಡಿದಿರುತ್ತವೆ. ಬರಿಯ ಮರಳು ಎಂದು ನಾವು ಒದೆಯುವ ನೆಲ ಹೊಲಿದಿಟ್ಟ ನೆಲ.

ಮುಂದಿನ ಸಾಲು ಪೊದೆಗಳದ್ದು. ಕಡಲತಡಿಯ ಲಕ್ಕಿ, ಅಲ್ಲಲ್ಲಿ ಹೊಂಗೆ, ಹೂವರಸಿ. ಆಮೇಲೆ ಕೇದಗೆ. ತುಳುವಿನಲ್ಲಿ ಮುಂಡೇವು. ಉಡುಪಿಯವರಿಗೆ ಇದನ್ನು ಪರಿಚಯಿಸಬೇಕಾಗಿಲ್ಲ. ಅಷ್ಟಮಿಯ ಹಿಂದಿನ ದಿನ ರಥಬೀದಿಯ ಸುತ್ತಮುತ್ತ ಮಾರಲಿಟ್ಟ ಮೂಡೆಯ ಕೊಟ್ಟೆಗಳೆಲ್ಲ ಇದರ ಎಲೆಯವೇ. ಎಲೆಯ ಅಂಚಿನ ಮುಳ್ಳು ಸವರಿ, ಬೆಂಕಿಗೆ ಹಿಡಿದು ಬಾಡಿಸಿ, ಸುರುಳಿ ಸುತ್ತಿ ಕಟ್ಟಿದ ಕೊಟ್ಟೆಯಲ್ಲಿ ಬೆಂದ ಮೂಡೆಗೆ ಬರುವ ಪರಿಮಳ ಸ್ಟೀಲಿನ ಲೋಟದಲ್ಲಿ ಬೇಯಿಸಿದ್ದಕ್ಕೆ ಬರುವುದಿಲ್ಲ. ನಾಗನಿಗೂ ಕೇದಗೆ ಪ್ರಿಯ.

ಕೊನೆಯ ಸಾಲು ಹೊನ್ನೆ. ಘಟ್ಟದ ಮೇಲಿನ ಓದುಗರು ಗೊಂದಲಪಡಬಾರದು. ಬಾಗಿಲು, ಮಂಚ ಮಾಡುವ, ಸಕ್ಕರೆ ಕಾಯಿಲೆಯವರು ಲೋಟ ಮಾಡಿಸಿ ನೀರು ಕುಡಿಯುವ ಹೊನ್ನೆ ಬೇರೆ. ಇದು ಕಡಲಕರೆಯ ಎಣ್ಣೆಹೊನ್ನೆ. ಹೊಳೆಯುವ ಒತ್ತು ಗೆರೆಗಳ ಎಲೆ, ನಡುವೆ ಹಳದಿ ಕೇಸರಗಳಿರುವ ಬಿಳಿ ಹೂವು, ಗೋಲಿಯಂಥ ಕಾಯಿ. ಸೀಮೆಎಣ್ಣೆ ಬರುವ ಮುಂಚೆ ಕರಾವಳಿಯ ಎಷ್ಟೋ ಮನೆಗಳ ಇರುಳು ಕಳೆದದ್ದು ಹೊನ್ನೆಯೆಣ್ಣೆಯ ದೀಪದಲ್ಲಿ. ದೋಣಿಗೂ ಇದರ ಮರವಾಗುತ್ತಿತ್ತು. ಕಾಯಿಯನ್ನು ಕಡಲು ತೇಲಿಸಿಕೊಂಡು ಒಯ್ಯುತ್ತದೆ; ಬಾವಲಿಗಳು ಮೇಲಿನ ತಿರುಳು ತಿಂದು ಬೀಜ ಉದುರಿಸುತ್ತವೆ.

ದೂರ ನಿಂತು ಈ ಸಾಲನ್ನು ಬದಿಯಿಂದ ನೋಡಿದರೆ ನಮ್ಮ ಹಂಚಿನ ಮನೆಯ ಮಾಡಿನ ಹಾಗೆ ಇಳಿಜಾರು. ಯಾರೋ ಕತ್ತರಿ ಹಿಡಿದು ಸವರಿದ್ದಾರೆ ಎನಿಸಬೇಕು. ಸವರಿದ್ದು ಗಾಳಿ. ಪಡುಗಾಳಿ ತರುವ ಉಪ್ಪಿನ ಹನಿ ಚಿಗುರಿನ ತುದಿಯನ್ನು ಸುಡುತ್ತದೆ. ಮುಂದಿನ ಗಿಡ ತಾನು ಗಿಡ್ಡಾಗಿ ಉಳಿದು ಗಾಳಿಯನ್ನು ಮೇಲಕ್ಕೆತ್ತಿ ಹಾಯಿಸುತ್ತದೆ. ಆ ಮರೆಯಲ್ಲಿ ಹಿಂದಿನದ್ದು ಒಂದು ಗೇಣು ಎತ್ತರ ಬೆಳೆಯುತ್ತದೆ. ಅದರ ಮರೆಯಲ್ಲಿ ಇನ್ನೊಂದು. ಹೀಗೆ ಒಬ್ಬರ ಬೆನ್ನ ಹಿಂದೆ ಒಬ್ಬರು. ಮುಂದಿನ ಸಾಲು ತೆಗೆದರೆ ಹಿಂದಿನ ಮರಕ್ಕೆ ಉಪ್ಪುಗಾಳಿ ನೇರ ಮುಖಕ್ಕೆ ಬಡಿಯುತ್ತದೆ, ಮತ್ತು ಅದಕ್ಕೆ ಅದು ಅಭ್ಯಾಸವಿಲ್ಲ.

ಬನದ ಎದುರು ಬಂದು ನಿಂತಾಗ ನನಗೆ ಕಂಡದ್ದು ಅದೇ. ಮುಂಡೇವಿನ ಸಾಲಿನ ನಡುವೆ ಒಂದು ಲಾರಿ ಹೋಗುವಷ್ಟು ಅಗಲದ ಕಂಡಿ. ಕಡಿದ ಬುಡ ಇನ್ನೂ ಹಸಿಯಾಗಿತ್ತು. ದಿಬ್ಬವನ್ನೂ ಸವರಿ ಮಟ್ಟ ಮಾಡಿದ್ದರು. ಸಭೆ ಸೇರುವ ಮೊದಲೇ ಯಾರೋ ಅರ್ಧ ತೀರ್ಮಾನ ಮಾಡಿಬಿಟ್ಟಿದ್ದರು.

ನಮ್ಮ ಕಡಲಕರೆ ಉಳಿಯುವುದು ಕೊಡುಕೊಳೆಯಿಂದ. ಮಳೆಗಾಲದ ದೊಡ್ಡ ತೆರೆಗಳು ದಡದ ಮರಳನ್ನು ಎಳೆದೊಯ್ದು ನೀರಿನೊಳಗೆ, ಸ್ವಲ್ಪ ದೂರದಲ್ಲಿ, ಒಂದು ಏರಿಯ ಹಾಗೆ ಪೇರಿಸಿಡುತ್ತವೆ. ಆ ಏರಿಯೇ ಮುಂದಿನ ತೆರೆಗಳ ಬಲ ಮುರಿಯುತ್ತದೆ. ಮಳೆ ಕಳೆದು ಕಡಲು ಶಾಂತವಾದ ಮೇಲೆ ಸಣ್ಣ ತೆರೆಗಳು ಅದೇ ಮರಳನ್ನು ತಿರುಗಿ ದಡಕ್ಕೆ ತಂದು ಹಾಕುತ್ತವೆ. ಒಣಗಿದ ಮರಳನ್ನು ಗಾಳಿ ಹಾರಿಸುತ್ತದೆ. ಅಡಂಬಿನ ಎಲೆಗೆ, ರಾವಣನ ಮೀಸೆಗೆ ತಾಗಿ ಗಾಳಿಯ ವೇಗ ಕುಗ್ಗಿದಲ್ಲಿ ಅದು ಬೀಳುತ್ತದೆ. ಹೀಗೆ ಎದ್ದದ್ದು ದಿಬ್ಬ. ಆಷಾಢದಲ್ಲಿ ಕಡಲಿಗೆ ಸಾಲ ಕೊಡಲು ದಿಬ್ಬದಲ್ಲಿ ಮರಳು ಇರಬೇಕು. ದೀಪಾವಳಿಯ ಮೇಲೆ ಕಡಲು ಸಾಲ ತೀರಿಸುವಾಗ ಹಿಡಿದಿಟ್ಟುಕೊಳ್ಳಲು ಬಳ್ಳಿ ಇರಬೇಕು. ಎರಡರಲ್ಲಿ ಒಂದು ತಪ್ಪಿದರೂ ಲೆಕ್ಕ ತಪ್ಪುತ್ತದೆ.

ಹಾಗಾದರೆ ಮೂಲ ಬಂಡವಾಳ ಎಲ್ಲಿಯದು? ಅದನ್ನು ಕಾಣಬೇಕಾದರೆ ಮಣಿಪಾಲದ ಎಂಡ್ ಪಾಯಿಂಟಿಗೆ ಹೋಗಬೇಕು. ಮುರಕಲ್ಲಿನ ಗುಡ್ಡದ ಆ ತುದಿಯಲ್ಲಿ ನಿಂತರೆ ಕೆಳಗೆ ಸ್ವರ್ಣಾ ನದಿ ಬಳುಕುತ್ತ ಪಡುವಕ್ಕೆ ಹೋಗುವುದು ಕಾಣುತ್ತದೆ. ಅದು ಬಂದದ್ದು ಮೂಡಣ ಕಾರ್ಕಳದ ಕಡೆಯ ಘಟ್ಟದ ಬುಡದಿಂದ. ಹೋಗುವುದು ಕೋಡಿಬೆಂಗ್ರೆಗೆ, ಸೀತಾ ನದಿಯ ಜತೆ ಸೇರಿ ಕಡಲಿಗೆ. ಕಾರ್ಕಳದಲ್ಲಿ 1432ರಲ್ಲಿ ವೀರಪಾಂಡ್ಯ ಭೈರರಸ ನಿಲ್ಲಿಸಿದ 42 ಅಡಿಯ ಗೊಮ್ಮಟನಿದ್ದಾನೆ. ಆ ಗಟ್ಟಿ ಕಲ್ಲಿನ ನಾಡಿನ ಬಂಡೆಗಳೇ ಮಳೆಬಿಸಿಲಿಗೆ ಒಡೆದು, ಹೊಳೆಯಲ್ಲಿ ಉರುಳಿ, ಸವೆದು ಕೊನೆಗೆ ಮರಳಾಗುತ್ತವೆ. ಗೊಮ್ಮಟನೂ ಮರಳೂ ದಾಯಾದಿಗಳು ಎಂದರೆ ತಪ್ಪಿಲ್ಲ. ಸ್ವರ್ಣೆ, ಸೀತೆ, ಉದ್ಯಾವರ ಹೊಳೆ, ಶಾಂಭವಿ — ಈ ಕರೆಗೆ ಮರಳು ತರುವವರು ಇವರೇ. ತಂದದ್ದನ್ನು ಕಡಲು ತೆಂಕಕ್ಕೂ ಬಡಗಕ್ಕೂ ಹಂಚುತ್ತದೆ. ಈಗ ದಾರಿಯಲ್ಲಿ ಅಣೆಕಟ್ಟುಗಳಿವೆ. ಉಡುಪಿ, ಮಣಿಪಾಲಗಳಿಗೆ ಕುಡಿಯುವ ನೀರು ಕೊಡುವ ಬಜೆಯ ಅಣೆಕಟ್ಟಿಲ್ಲದೆ ನಮಗೆ ಬದುಕಿಲ್ಲ, ನಿಜ. ಆದರೆ ಅಣೆಕಟ್ಟು ನೀರಿನ ಜತೆಗೆ ಮರಳನ್ನೂ ತಡೆಯುತ್ತದೆ. ತಪ್ಪಿಸಿಕೊಂಡು ಬಂದದ್ದು ಲಾರಿ ಹತ್ತುತ್ತದೆ. ಕಡಲಿಗೆ ತಲುಪುವ ಪಾಲು ಕಡಿಮೆಯಾದಷ್ಟೂ ದಿಬ್ಬದಲ್ಲಿರುವ ಹಳೆಯ ಮರಳಿನ ಬೆಲೆ ಹೆಚ್ಚುತ್ತದೆ.

ಕಡಲು ಕೊರೆದಾಗ ನಾವು ಹಾಕುವುದು ಕಲ್ಲು. ಜಗಲಿಗೆ ತೆರೆ ಬಡಿಯುತ್ತಿರುವವರ ಮುಂದೆ ನಿಂತು "ಬಳ್ಳಿ ನೆಡಿ" ಎನ್ನುವವನು ಮೂರ್ಖ. ಅಂಥ ಕಡೆ ಕಲ್ಲು ಬೇಕೇ ಬೇಕು. ಆದರೆ ಕಲ್ಲಿಗೆ ಬಡಿದ ತೆರೆ ಅದೇ ಬಿರುಸಿನಿಂದ ಹಿಂದೆ ಹೋಗುವಾಗ ಬುಡದ ಮರಳನ್ನು ಕೆದರಿಕೊಂಡು ಹೋಗುತ್ತದೆ. ಗೋಡೆ ಮುಗಿಯುವ ತುದಿಯಲ್ಲಿ, ಪಕ್ಕದ ಮನೆಯವರ ಹಿತ್ತಿಲಲ್ಲಿ, ಹೊಸ ಕೊರೆತ ಶುರುವಾಗುತ್ತದೆ. ಮುಂದಿನ ವರ್ಷ ಅಲ್ಲಿಗೂ ಕಲ್ಲು. ಹೀಗೆ ಕಲ್ಲಿನ ಸಾಲು ಬೆಳೆದಷ್ಟೂ ಕೈರಂಪಣಿಯವರಿಗೆ ಬಲೆ ಎಳೆಯಲು, ದೋಣಿ ಏರಿಸಲು ಜಾಗವಿಲ್ಲ.

ಇನ್ನು ಗಾಳಿಮರ. ಇದು 1860ರ ದಶಕದಲ್ಲಿ ಕಾರವಾರದ ಕಡೆ ಸೌದೆಗೆಂದು ಬಂದ ಪರದೇಶಿ ಮರ. ಆಮೇಲೆ ಕಡಲಕರೆಯುದ್ದಕ್ಕೂ ಹಬ್ಬಿತು. ಇದನ್ನು ಬರಿದೇ ಬಯ್ಯಲಾರೆ. 2004ರ ಸುನಾಮಿಯಲ್ಲಿ ತಮಿಳುನಾಡಿನ ಕೆಲವು ಊರುಗಳಿಗೆ ಗಾಳಿಮರದ ತೋಪುಗಳು ಕಾಂಡ್ಲಾ ಕಾಡಿನಂತೆಯೇ ತಡೆಯಾದವು ಎಂದು ಅಭ್ಯಾಸ ಮಾಡಿದವರು ಬರೆದಿದ್ದಾರೆ. ಆದರೆ ತೋಪಿನೊಳಗೆ ಕಾಲಿಟ್ಟು ನೋಡಿ. ಸೂಜಿಯಂಥ ಎಲೆಗಳ ಹಾಸಿಗೆಯ ಮೇಲೆ ಬೇರೊಂದು ಗಿಡ ತಲೆಯೆತ್ತುವುದು ಕಷ್ಟ. ಮುಂದೆ ಅಡಂಬಿಲ್ಲದೆ, ಮಧ್ಯೆ ಪೊದೆಯಿಲ್ಲದೆ ತೆರೆಯ ಅಂಚಿಗೇ ನೆಟ್ಟ ಗಾಳಿಮರದ ಬುಡವನ್ನು ಕಡಲು ಎರಡು ಮಳೆಗಾಲದಲ್ಲಿ ಬಿಡಿಸಿಹಾಕುತ್ತದೆ. ಬೇರು ಮೇಲೆ ಮಾಡಿ ಮಲಗಿದ ಮರಗಳನ್ನು ನೀವೂ ನೋಡಿದ್ದೀರಿ. ಒಂದೇ ಜಾತಿ ನೆಟ್ಟು ಕಾಡು ಎಂದು ಬೋರ್ಡು ಹಾಕಿದರೆ ಸಾಲು ನಿಲ್ಲುವುದಿಲ್ಲ.

ಕಾನೂನು ಇಲ್ಲವೆಂದಲ್ಲ. 1991ರ ಫೆಬ್ರವರಿಯಲ್ಲಿ ಬಂದ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯೇ ಚಂದ ಮಾಡುವ ಹೆಸರಿನಲ್ಲಿ ಮರಳ ದಿಬ್ಬವನ್ನು ಮಟ್ಟ ಮಾಡಬಾರದು ಎಂದಿತು. 2011ರ ಮತ್ತು 2019ರ ಅಧಿಸೂಚನೆಗಳು ದಿಬ್ಬಗಳನ್ನು ಕಾಂಡ್ಲಾ ಕಾಡು, ಹವಳದ ದಂಡೆಗಳ ಜತೆಗೆ ಅತಿ ಬಿಗಿ ರಕ್ಷಣೆಯ ಒಂದನೆಯ ವರ್ಗದಲ್ಲೇ ಇಟ್ಟಿವೆ. ಆದರೆ 2019ರದ್ದು ಜನದಟ್ಟಣೆಯ ಗ್ರಾಮಗಳಲ್ಲಿ ಕಟ್ಟಡ ಕಟ್ಟಬಾರದ ಪಟ್ಟಿಯನ್ನು 200 ಮೀಟರಿನಿಂದ 50 ಮೀಟರಿಗೆ ಇಳಿಸಿತು. ದಿಬ್ಬ ಯಾವುದು, ಬರಿಯ ಮರಳಿನ ಗುಪ್ಪೆ ಯಾವುದು ಎಂದು ಹೇಳುವುದು ಯಾರು? ಗಿಡ ಗುರುತಿಸಬಲ್ಲವರು ಹೇಳಬೇಕು. ಅಮೆರಿಕದ ಫ್ಲಾರಿಡಾದಲ್ಲಿ ಕಡಲಕರೆಯ 'ಸೀ ಓಟ್ಸ್' ಹುಲ್ಲಿನ ಒಂದು ತೆನೆ ಕೀಳುವುದೂ ಅಪರಾಧ. ಕಡಲಿಗಿಂತ ಕೆಳಗಿರುವ ನಾಡು ಹಾಲೆಂಡಿನಲ್ಲಿ ದಿಬ್ಬಗಳೇ ಊರಿನ ಕೋಟೆ. ಅಲ್ಲಿ ಹುಲ್ಲು ನೆಟ್ಟು ದಿಬ್ಬ ಕಾಯುವುದು ಹಳೆಯ ಪದ್ಧತಿ. ಜತೆಗೆ 1990ರಿಂದ ದಡ ಎಷ್ಟಿತ್ತೋ ಅಷ್ಟೇ ಉಳಿಯುವಂತೆ ಕಡಲೊಳಗಿನ ಮರಳನ್ನು ತಂದು ಸುರಿಯುತ್ತ ಬಂದಿದ್ದಾರೆ. ಕೋಟಿಗಟ್ಟಲೆ ಸುರಿದು ಅವರು ಮಾಡಿಸುವ ಕೆಲಸದ ಒಂದು ಪಾಲನ್ನು ನಮ್ಮಲ್ಲಿ ಅಡಂಬು ಸಂಬಳವಿಲ್ಲದೆ ಮಾಡುತ್ತಿದೆ.

ಗಿಡ ಗುರುತಿಸಬಲ್ಲವರು ನಮ್ಮಲ್ಲಿ ಇಲ್ಲದಿಲ್ಲ. ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಡಾ. ಕೆ. ಗೋಪಾಲಕೃಷ್ಣ ಭಟ್ಟರು ಈ ಸೀಮೆಯ ಗಿಡಗಳನ್ನೆಲ್ಲ ಹುಡುಕಿ, ಗುರುತಿಸಿ 2003ರಲ್ಲಿ 'ಫ್ಲೋರಾ ಆಫ್ ಉಡುಪಿ' ಎಂಬ ಗ್ರಂಥ ತಂದರು. ಒಂದು ಜಿಲ್ಲೆ ಹುಟ್ಟಿದ ಆರೇ ವರ್ಷದಲ್ಲಿ ಅದರ ಸಸ್ಯಗಳ ಪಟ್ಟಿ ಅಚ್ಚಾಗುವುದು ಸಣ್ಣ ಸಂಗತಿಯಲ್ಲ. ಅದಕ್ಕೂ ಮುಂಚೆಯೇ ಡಾ. ಟಿ. ಆನಂದರಾವ್ ದೇಶದ ಕರಾವಳಿಯ ಸಸ್ಯಗಳ ಹಿಂದೆ ಹೋದವರು. ಕರ್ನಾಟಕದ ಕಡಲಕರೆಗಳ ಬಗ್ಗೆಯೇ ಅವರ ಪುಸ್ತಕವಿದೆ. ಪುಸ್ತಕ ಇಂಗ್ಲಿಷಿನಲ್ಲಿದೆ, ಕಪಾಟಿನಲ್ಲಿದೆ. ಜೆಸಿಬಿ ಓಡಿಸುವ ಹುಡುಗನಿಗೆ ಅದರ ಸುದ್ದಿ ಮುಟ್ಟುವುದು ಹೇಗೆ?

ಹತ್ತು ಗಂಟೆಗೆ ಚಾವಡಿಯಲ್ಲಿ ಎಲ್ಲರೂ ಸೇರಿದರು. ಮುಂಬಯಿಯವರು, ಬೆಂಗಳೂರಿನವರು, ಒಬ್ಬರು ದುಬೈಯವರು. ವರ್ಷವಿಡೀ ಆ ಮನೆಯಲ್ಲಿರುವವರು ಎಪ್ಪತ್ತೆಂಟು ವರ್ಷದ ನಮ್ಮ ಅತ್ತೆ ಮಾತ್ರ. ಅವರು ಒಳಗೆ ಬಾಗಿಲ ಬಳಿ ಕುಳಿತಿದ್ದರು. ಭಾವ ಕಂಪ್ಯೂಟರಿನಲ್ಲಿ ಬರೆಸಿದ ಚಿತ್ರ ತೆಗೆದರು. ಚಿತ್ರಕೂಟದ ಸುತ್ತ ಗ್ರಾನೈಟಿನ ಕಟ್ಟೆ, ನೆಲಕ್ಕೆ ಇಂಟರ್‌ಲಾಕ್, ನಾಲ್ಕು ಸುತ್ತ ಆರಡಿ ಗೋಡೆ, ಸ್ಟೀಲಿನ ಗೇಟು. ಮರಗಳಲ್ಲಿ ಎರಡು ಹೊನ್ನೆ ಉಳಿಯುತ್ತವೆ. ರಂಜೆ, ಹಾಲೆ, ಕುಂಟುನೇರಳೆ, ಕೇಪಳ, ಮುಂಡೇವು ಎಲ್ಲ ಹೋಗುತ್ತವೆ.

ಭಾವ ಕೆಟ್ಟವರಲ್ಲ. ಅವರ ಮಾತಿನಲ್ಲೂ ಸತ್ಯವಿತ್ತು. "ನಾವು ಬರುವುದು ವರ್ಷಕ್ಕೊಮ್ಮೆ ತಂಬಿಲಕ್ಕೆ. ಬಂದಾಗ ಕಾಲಿಡ್ಲಿಕ್ಕೆ ಆಗುದಿಲ್ಲ. ಕಳೆದ ವರ್ಷ ಹೆಂಗಸರ ಸೀರೆ ಮುಂಡೇವಿಗೆ ಸಿಕ್ಕಿ ಹರಿಯಿತು. ಅಮ್ಮನಿಗೆ ದರಲೆ ಗುಡಿಸಿ ಪೂರೈಸುದಿಲ್ಲ. ನಾಗನ ಜಾಗ ಶುದ್ಧ ಇರಬೇಡವಾ ಭಾವ?" ಎಂದು ಕೇಳಿದರು. ಇದಕ್ಕೆ ಏನು ಹೇಳಲಿ? ಬೆಳಿಗ್ಗೆ ನೋಡಿದ್ದನ್ನೆಲ್ಲ ಹೇಳಿದೆ. ಉಪ್ಪುಗಾಳಿ, ಮಾಡಿನ ಇಳಿಜಾರು, ಬೂಷ್ಟಿನ ಎಳೆ, ಹಾಲೆಂಡು. ಮೊದಲ ಐದು ನಿಮಿಷ ಕೇಳಿದರು. ಆಮೇಲೆ ದುಬೈಯವರು ಫೋನು ತೆಗೆದರು.

ಹೆಂಡತಿಯ ಅಕ್ಕನ ಮಗ, ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದುವವನು, "ಚಿಕ್ಕಪ್ಪ, ನಾವು ಕಳೆದ ತಿಂಗಳು ಫ್ರೆಂಡ್ಸೆಲ್ಲ ಸೇರಿ ಬೀಚ್ ಕ್ಲೀನ್ ಮಾಡಿದ್ದೆವು" ಎಂದು ಹೆಮ್ಮೆಯಿಂದ ಚಿತ್ರ ತೋರಿಸಿದ. ನಲವತ್ತು ಚೀಲ ಕಸ. ನೋಡಿದರೆ ಅರ್ಧ ಚೀಲಗಳಲ್ಲಿ ಪ್ಲಾಸ್ಟಿಕ್ಕಿನ ಜತೆ ಬುಡಸಮೇತ ಕಿತ್ತ ಅಡಂಬು! ಬಯ್ಯಲು ಬಾಯಿ ಬರಲಿಲ್ಲ. ಅದರ ಹಂಬಿನಲ್ಲಿ ಎಳೆದಾಟ ಆಡಿದವನು ನಾನು. "ಬಾಟಲಿ ಹೆಕ್ಕು, ಬಳ್ಳಿ ಬಿಡು" ಎಂದೆ. ಅವನಿಗೆ ಮುಖ ಸಣ್ಣದಾಯಿತು. ಆದರೆ ಹುಡುಗ ಚುರುಕು. ಸ್ವಲ್ಪ ಹೊತ್ತಿನ ಮೇಲೆ ಅವನೇ ಕೇಳಿದ: "ಚಿಕ್ಕಪ್ಪ, ಇಂಟರ್‌ಲಾಕ್ ಹಾಕಿ ಸುತ್ತ ಗೋಡೆ ಕಟ್ಟಿದ್ರೆ ಮಳೆನೀರು ಎಲ್ಲಿ ಹೋಗುದು?"

ಮಾತು ಬಾವಿಗೆ ಬಂದದ್ದು ಹಾಗೆ. ಕಡಲಿನಿಂದ ಇನ್ನೂರು ಹೆಜ್ಜೆ ದೂರದ ಬಾವಿಯಲ್ಲಿ ಸಿಹಿನೀರು ಹೇಗಿರುತ್ತದೆ ಎಂದು ನಾವು ಕೇಳಿಕೊಳ್ಳುವುದೇ ಇಲ್ಲ. ಡಚ್ ಸೇನೆಯ ಎಂಜಿನಿಯರ್ ಬಾಡನ್ ಗೈಬನ್ 1880ರ ದಶಕದ ಕೊನೆಗೆ, ಜರ್ಮನಿಯ ಹರ್ಜ್‌ಬರ್ಗ್ 1901ರಲ್ಲಿ — ನಮ್ಮ ದೀಪಸ್ತಂಭದ ವರ್ಷದಲ್ಲೇ — ಇದನ್ನು ಬಿಡಿಸಿದರು. ಮರಳಿನೊಳಗೆ ಇಳಿದ ಮಳೆನೀರು ಹಗುರ, ಉಪ್ಪುನೀರು ಭಾರ. ಆದ್ದರಿಂದ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತ ಅದನ್ನು ಕೆಳಕ್ಕೊತ್ತಿ ಹಿಡಿಯುತ್ತದೆ. ನೆಲದಡಿಯ ಸಿಹಿನೀರು ಕಡಲ ಮಟ್ಟಕ್ಕಿಂತ 1 ಅಡಿ ಮೇಲಿದ್ದರೆ ಕೆಳಗೆ ಸುಮಾರು 40 ಅಡಿ ಸಿಹಿನೀರು. ಮೇಲಿನ ಆ ಒಂದು ಅಡಿ ಇಳಿದರೆ ಕೆಳಗಿನ ನಲವತ್ತಡಿ ಉಪ್ಪಾಗುತ್ತ ಬರುತ್ತದೆ. ವರ್ಷಕ್ಕೆ 4000 ಮಿ.ಮೀ. ಮಳೆ ಸುರಿದರೇನು, ಅದು ಇಳಿಯಲು ದಿಬ್ಬ ಬೇಕು, ಬರಿಯ ಮರಳಿನ ನೆಲ ಬೇಕು. ಬನದ ನೆಲಕ್ಕೆ ಹಾಸು ಹಾಸಿ, ಸುತ್ತ ಗೋಡೆ ಕಟ್ಟಿ, ಚರಂಡಿ ಮಾಡಿ ನೀರನ್ನು ಕಡಲಿಗೆ ಬಿಟ್ಟರೆ ಬಾವಿಗೆ ಉಳಿಯುವುದೇನು?

ಒಳಗಿನಿಂದ ಅತ್ತೆ ಮೊದಲ ಬಾರಿಗೆ ಮಾತಾಡಿದರು. "ಅಳಿಯರು ಹೇಳುದು ಸರಿ. ಬಡಗುಮನೆಯವರು ಬನಕ್ಕೆ ಸಿಮೆಂಟು ಹಾಕಿ ಮೂರು ವರ್ಷ ಆಯ್ತು. ಈಗ ಎಪ್ರಿಲಿಂದ ಮತ್ತೆ ಅವರು ಕೊಡಪಾನ ಹಿಡ್ಕೊಂಡು ನಮ್ಮಲ್ಲಿಗೆ ಬರುದು. ನೀವು ಬಿಸ್ಲೆರಿ ತಂದು ಕುಡೀತೀರಿ, ನಾನೆಂತ ಕುಡೀಲಿ?" ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ಆ ಮನೆಯ ನೀರು ಉಪ್ಪಾದದ್ದಕ್ಕೆ ಸಿಮೆಂಟೊಂದೇ ಕಾರಣವೆಂದು ನಾನು ಹೇಳಲಾರೆ. ಅವರು ದೊಡ್ಡ ಪಂಪನ್ನೂ ಇಟ್ಟಿದ್ದಾರೆ. ಅದನ್ನು ಆಗ ಬಾಯಿ ಬಿಟ್ಟು ಹೇಳಲಿಲ್ಲ ಎಂಬುದನ್ನು ಓದುಗರ ಮುಂದೆ ಒಪ್ಪಿಕೊಳ್ಳುತ್ತೇನೆ.

ಕೊನೆಗೆ ಆದದ್ದಿಷ್ಟು. ಇಂಟರ್‌ಲಾಕ್ ಇಲ್ಲ. ಚಿತ್ರಕೂಟದ ಸುತ್ತ ಮುರಕಲ್ಲಿನ ಸಣ್ಣ ಕಟ್ಟೆ, ಮನೆಯ ಕಡೆಯಿಂದ ಅಲ್ಲಿಗೆ ಹೋಗಲು ಮೂರಡಿ ಅಗಲದ ಕಾಲುದಾರಿ. ಗೋಡೆ ಮೂಡುಬದಿಗೆ ಮಾತ್ರ, ಅದೂ ಸೊಂಟದೆತ್ತರ. ದಾರಿಗೆ ಅಡ್ಡ ಬಂದ ಕುಂಟುನೇರಳೆ ಎರಡು ಹೋದವು. ಅದಕ್ಕೆ ನಾನೂ ಒಪ್ಪಿದೆ. ಸ್ಟೀಲಿನ ಗೇಟಿನ ಆಸೆಯನ್ನು ಭಾವ ಬಿಡಲಿಲ್ಲ, ಅದು ಬರುತ್ತದೆ. ಪಡುಬದಿಯ ಕಂಡಿ ಕಾಂಟ್ರಾಕ್ಟರು ಕಲ್ಲು ತರಲೆಂದು ಮೊದಲೇ ಕಡಿಸಿದ್ದಂತೆ. ಯಾರು ಹೇಳಿದ್ದು ಎಂದು ಕೇಳಿದರೆ ಎಲ್ಲರೂ ಮೇಲೆ ಪಕಾಸು ನೋಡತೊಡಗಿದರು.

ಊಟ ಮುಗಿಸಿ ಹೊರಟಾಗ ಅತ್ತೆ ಹಿತ್ತಿಲಲ್ಲಿ ಬಗ್ಗಿದ್ದರು. ಕಡಿದು ಬಿಸಾಡಿದ ಮುಂಡೇವಿನ ರಾಶಿಯಿಂದ ಬೇರಿನ ಗೆಣ್ಣಿರುವ ಕೊಂಬೆಗಳನ್ನು ಆರಿಸಿ ಒಂದು ಕಡೆ ಇಡುತ್ತಿದ್ದರು. ಮಣಿಪಾಲದ ಹುಡುಗ ಕತ್ತಿ ಹಿಡಿದು ಎಲೆ ಸವರಿ ಕೊಡುತ್ತಿದ್ದ. ಎರಡೂ ಕೈಗೆ ಮುಳ್ಳು ತಾಗಿ ರಕ್ತ ಬಂದಿತ್ತು. "ಮಳೆ ಹಿಡಿದ ಕೂಡಲೆ ಆ ಕಂಡಿಯಲ್ಲಿ ನೆಟ್ರೆ ಹಿಡೀತದೆ. ಮುಂದೆ ಎರಡು ಹಂಬು ಅಡಂಬು ಬಿಟ್ಟರಾಯ್ತು" ಎಂದರು. ಆಮೇಲೆ ತಲೆಯೆತ್ತದೆಯೇ, "ಈ ಸಲ ಅಷ್ಟಮಿಗೆ ಮೂಡೆಗೆ ಎಲೆ ಸಾಲ. ನೀವು ಬರುವಾಗ ಉಡುಪಿಯಿಂದ ಕಟ್ಟಿದ ಕೊಟ್ಟೆ ಇಪ್ಪತ್ತೈದು ತನ್ನಿ" ಎಂದರು.